ಓಡುವ ಮನೆಯ ಅಪಾಯಗಳು: ಕ್ಯಾರವಾನ್‌ನಲ್ಲಿ ಏನು ಕೆಡುತ್ತದೆ, ಕೆಟ್ಟಾಗ ಮೊದಲು ಏನು ಮಾಡಬೇಕು

2024ರ ಡಿಸೆಂಬರ್‌ನಲ್ಲಿ ಕೇರಳದ ವಡಕರದಲ್ಲಿ ರಸ್ತೆ ಬದಿಗೆ ನಿಲ್ಲಿಸಿದ್ದ ಕ್ಯಾರವಾನ್ ಒಂದರೊಳಗೆ ಇಬ್ಬರು ಶವವಾಗಿ ಸಿಕ್ಕರು. ಗಾಡಿಗೆ ಯಾರೂ ಗುದ್ದಿರಲಿಲ್ಲ, ಬೆಂಕಿಯೂ ಹತ್ತಿರಲಿಲ್ಲ. ಜನರೇಟರ್‌ನ ಹೊಗೆ ಒಳಗೆ ಸೇರಿಕೊಂಡು, ಅದರಲ್ಲಿದ್ದ ಕಾರ್ಬನ್ ಮಾನಾಕ್ಸೈಡ್‌ನಿಂದ ಪ್ರಾಣ ಹೋಗಿದೆ ಎಂದು ತನಿಖೆಯಲ್ಲಿ ಗೊತ್ತಾಯಿತು.

ಕ್ಯಾರವಾನ್, ಮೋಟಾರ್ ಹೋಮ್, ಕ್ಯಾಂಪರ್ ವ್ಯಾನ್, ಹೆಸರು ಯಾವುದಾದರೂ ಇರಲಿ, ಅಪಾಯದ ಬೇರು ಒಂದೇ. ಮನೆಯಲ್ಲಿ ಗ್ಯಾಸ್ ಸಿಲಿಂಡರ್ ಅಲುಗಾಡುವುದಿಲ್ಲ, ಗಾಡಿಯಲ್ಲಿ ದಿನವಿಡೀ ಕುಲುಕುತ್ತದೆ. ಮಾಮೂಲಿ ಗಾಡಿಯೊಳಗೆ ಯಾರೂ ಎಂಟು ಗಂಟೆ ಬಾಗಿಲು ಮುಚ್ಚಿ ಮಲಗುವುದಿಲ್ಲ, ಕ್ಯಾರವಾನ್‌ನಲ್ಲಿ ಅದಕ್ಕೆಂದೇ ಬಂದಿರುತ್ತೇವೆ. ಮನೆ ಮತ್ತು ಗಾಡಿ ಒಂದಕ್ಕೊಂದು ಸೇರುವ ಜಾಗದಲ್ಲೇ ಎಲ್ಲ ಎಡವಟ್ಟೂ ಹುಟ್ಟುವುದು. ಮೆಕ್ಯಾನಿಕ್‌ಗೆ ಮನೆಯ ಭಾಗ ಗೊತ್ತಿರುವುದಿಲ್ಲ, ಒಳಾಂಗಣ ಮಾಡಿಕೊಟ್ಟ ಬಡಗಿಗೆ ಗಾಡಿಯ ಭಾಗ ಗೊತ್ತಿರುವುದಿಲ್ಲ. ಎರಡನ್ನೂ ತಿಳಿದುಕೊಳ್ಳಬೇಕಾದವರು ಗಾಡಿಯ ಮಾಲೀಕರೇ.

ಎ.ಸಿ. ಆಸೆ, ಜನರೇಟರ್ ಹೊಗೆ

ಜನರೇಟರ್ ಯಾಕೆ ಬೇಕಾಗುತ್ತದೆ ಎಂಬುದಕ್ಕೆ ಸಣ್ಣ ಲೆಕ್ಕ ಸಾಕು. 12 ವೋಲ್ಟಿನ 200 ಆಂಪಿಯರ್-ಅವರ್ ಲಿಥಿಯಂ ಬ್ಯಾಟರಿಯಲ್ಲಿ ತುಂಬಿರುವುದು ಸುಮಾರು ಎರಡೂವರೆ ಯೂನಿಟ್ ಕರೆಂಟು. ಒಂದು ಟನ್ನಿನ ಎ.ಸಿ. ಬಿಡದೆ ಓಡಿದರೆ ಗಂಟೆಗೆ ಒಂದು ಯೂನಿಟ್‌ನಷ್ಟು ತಿನ್ನುತ್ತದೆ. ಹತ್ತು ಗಂಟೆಗೆ ಮಲಗಿದರೆ ಹನ್ನೆರಡೂವರೆಗೆ ಬ್ಯಾಟರಿ ಖಾಲಿ. ಕರಾವಳಿಯ ಸೆಕೆಯಲ್ಲಿ ಆಗ ಎದ್ದವರು ಜನರೇಟರ್ ಹಚ್ಚುತ್ತಾರೆ, ಇಲ್ಲವೇ ಎಂಜಿನ್ನನ್ನೇ ಚಾಲೂ ಇಡುತ್ತಾರೆ.

ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣು ಉರಿಸುವುದಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಹಾಗಾಗಿ ಗಾಳಿಯಲ್ಲಿ ಚೂರೇ ಇದ್ದರೂ ರಾತ್ರಿಯಿಡೀ ರಕ್ತದಲ್ಲಿ ಕೂಡಿಕೊಳ್ಳುತ್ತಾ ಹೋಗುತ್ತದೆ. ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 200 ಪಾಲು, ಅಂದರೆ 200 ಪಿಪಿಎಂ ಇದ್ದರೆ ಎರಡು ಮೂರು ಗಂಟೆಯಲ್ಲಿ ತಲೆನೋವು ಶುರುವಾಗುತ್ತದೆ. 800 ಪಿಪಿಎಂ ಇದ್ದರೆ ಮುಕ್ಕಾಲು ಗಂಟೆಯಲ್ಲಿ ತಲೆ ಸುತ್ತು, ವಾಕರಿಕೆ. ಎರಡು ಗಂಟೆಯೊಳಗೆ ಪ್ರಜ್ಞೆ ತಪ್ಪುತ್ತದೆ. ಎಚ್ಚರವಿದ್ದವರಿಗೆ ತಲೆನೋವೇ ಮುನ್ಸೂಚನೆ. ಮಲಗಿದವರಿಗೆ ಅದೂ ಸಿಗುವುದಿಲ್ಲ.

ಹೊಗೆ ಒಳಗೆ ಬರುವ ದಾರಿಗಳು ಸಾಮಾನ್ಯವಾಗಿ ಮೂರು. ವೈರು, ನೀರಿನ ಪೈಪು ಹಾಯಿಸಲು ನೆಲದಲ್ಲಿ ಕೊರೆದು ಸರಿಯಾಗಿ ಮುಚ್ಚದೆ ಬಿಟ್ಟ ತೂತು. ಹಿಂಬಾಗಿಲಿನ ಸವೆದ ರಬ್ಬರ್. ಜನರೇಟರ್ ಇಟ್ಟ ಪೆಟ್ಟಿಗೆಗೂ ಮಲಗುವ ಕೋಣೆಗೂ ನಡುವಿನ ಪ್ಲೈವುಡ್ ಸಂದು. ರಾತ್ರಿ ಒಳಗಿನ ಎಕ್ಸಾಸ್ಟ್ ಫ್ಯಾನ್ ಹಾಕಿದರೆ ಅದು ಒಳಗಾಳಿಯನ್ನು ಹೊರಕ್ಕೆ ತಳ್ಳಿ, ಅಷ್ಟೇ ಗಾಳಿಯನ್ನು ಈ ತೂತುಗಳಿಂದ ಒಳಕ್ಕೆಳೆಯುತ್ತದೆ. ಹೊಗೆ ಹೋಗಲಿ ಎಂದು ಹಾಕಿದ ಫ್ಯಾನೇ ಹೊಗೆಯನ್ನು ಕರೆತರುವುದು ಹೀಗೆ. ತೂತು ಹುಡುಕಲು ಸುಲಭದ ಉಪಾಯವಿದೆ. ಕತ್ತಲಾದ ಮೇಲೆ ಒಬ್ಬರು ಗಾಡಿಯೊಳಗೆ ದೀಪ ಆರಿಸಿ ಕೂರಬೇಕು, ಇನ್ನೊಬ್ಬರು ಹೊರಗೆ ಅಡಿಭಾಗಕ್ಕೆ ಟಾರ್ಚ್ ಬಿಡಬೇಕು. ಬೆಳಕು ಕಂಡ ಕಡೆ ಹೊಗೆಯೂ ಬರುತ್ತದೆ.

ಜನರೇಟರ್ ಬೇಕೇಬೇಕೆಂದರೆ ಗಾಡಿಯಿಂದ ಇಳಿಸಿ, ಆರೇಳು ಮೀಟರ್ ದೂರದಲ್ಲಿ, ಗಾಳಿ ಗಾಡಿಯಿಂದ ಜನರೇಟರ್ ಕಡೆಗೆ ಬೀಸುವಂತೆ ಇಡಬೇಕು. ಮಲಗುವ ಹೊತ್ತಿಗೆ ಅದನ್ನು ಆರಿಸಿರಬೇಕು. ಗಾಡಿಯ ಹೊಟ್ಟೆಯೊಳಗೆ ಕೂರಿಸಿದ ಜನರೇಟರ್ ಹಚ್ಚಿಕೊಂಡು ನಿದ್ದೆ ಮಾಡುವುದು ಸರಿಯಲ್ಲ. ಫಿಟ್ಟಿಂಗ್ ಮಾಡಿಕೊಟ್ಟವರು ಎಷ್ಟೇ ಭರವಸೆ ಕೊಟ್ಟಿರಲಿ.

ಕಾರ್ಬನ್ ಮಾನಾಕ್ಸೈಡ್ ಅಲಾರಂ ಇಲ್ಲದ ಕ್ಯಾರವಾನ್‌ನಲ್ಲಿ ಮಲಗಲೇಬಾರದು. ಕೊಳ್ಳುವಾಗ ಮೇಲೆ ಇಎನ್ 50291-2 ಎಂದು ಬರೆದಿದೆಯೇ ನೋಡಿ. ಇಂಥ ಗಾಡಿ, ದೋಣಿಗಳಿಗೆಂದೇ ಇರುವ ಯುರೋಪಿನ ಮಾನದಂಡ ಅದು. ಆ ಮಾನದಂಡದ ಅಲಾರಂ 300 ಪಿಪಿಎಂ ಆದರೆ ಮೂರು ನಿಮಿಷದೊಳಗೆ ಕೂಗುತ್ತದೆ, 50 ಪಿಪಿಎಂ ಇದ್ದರೆ ಒಂದು ಗಂಟೆಯ ನಂತರವೇ. ಹೀಗಾಗಿ ಸೈಲೆನ್ಸರ್ ಹತ್ತಿರ ಒಂದು ಕ್ಷಣ ಹಿಡಿದು, ಕೂಗಲಿಲ್ಲವೆಂದು ಬಿಸಾಡಬೇಡಿ. ಅದರ ಸೆನ್ಸರ್‌ಗೆ ಆಯಸ್ಸಿದೆ. ಹಿಂಬದಿಯಲ್ಲಿ ಬರೆದ ವರ್ಷ ದಾಟಿದ ಮೇಲೆ ಟೆಸ್ಟ್ ಗುಂಡಿ ಒತ್ತಿದರೆ ಸದ್ದು ಬರಬಹುದು, ಅನಿಲ ಮಾತ್ರ ಅದಕ್ಕೆ ತಿಳಿಯುವುದಿಲ್ಲ. ಹಾಸಿಗೆಯ ದಿಂಬಿನ ಮಟ್ಟದಲ್ಲಿ ಅದನ್ನು ಕಟ್ಟಿ.

ಅಲಾರಂ ಕೂಗಿದರೆ ಕಾರಣ ಹುಡುಕುತ್ತಾ ಒಳಗೆ ನಿಲ್ಲಬಾರದು. ಎಲ್ಲರನ್ನೂ ಹೊರಗೆ ತಂದು, ಬಾಗಿಲು ತೆರೆದಿಟ್ಟು, ಎಂಜಿನ್, ಜನರೇಟರ್, ಒಲೆ ಆರಿಸಿ. ತಲೆನೋವು, ವಾಂತಿ, ಮಂಪರು ಇದ್ದವರನ್ನು ತಾಜಾ ಗಾಳಿಯಲ್ಲಿ ಕೂರಿಸಿದರಷ್ಟೇ ಸಾಲದು, ಅವರಿಗೆ ಆಮ್ಲಜನಕ ಕೊಡಬೇಕಾಗುತ್ತದೆ. 108ಕ್ಕೆ ಕರೆ ಮಾಡಿ, ‘ಜನರೇಟರ್ ಹೊಗೆ ಕುಡಿದಿದ್ದಾರೆ’ ಎಂದು ಮೊದಲೇ ಹೇಳಿ. ಬೆರಳಿಗೆ ಸಿಕ್ಕಿಸುವ ಮಾಮೂಲಿ ಆಕ್ಸಿಮೀಟರ್ 98 ಎಂದು ತೋರಿಸಿದರೂ ನಂಬಬೇಡಿ. ಕಾರ್ಬನ್ ಮಾನಾಕ್ಸೈಡ್ ಹಿಡಿದ ರಕ್ತವನ್ನೂ ಅದು ಆಮ್ಲಜನಕವಿರುವ ರಕ್ತ ಎಂದೇ ಓದುತ್ತದೆ.

ನೆಲದಲ್ಲಿ ಹರಿಯುವ ಗ್ಯಾಸ್

ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ನೀರಿನ ಹಾಗೆ ಕೆಳಕ್ಕಿಳಿದು ನೆಲದಲ್ಲಿ ಹರಡುತ್ತದೆ. ಗಾಳಿಯಲ್ಲಿ ಸುಮಾರು ಶೇ. 2ರಷ್ಟು ಬೆರೆತರೆ ಕಿಡಿಗೆ ಹತ್ತಿಕೊಳ್ಳುತ್ತದೆ. 5 ಮೀಟರ್ ಉದ್ದ, 1.8 ಮೀಟರ್ ಅಗಲದ ನೆಲ ಇದೆ ಎನ್ನಿ. ಅದರ ಮೇಲಿನ 10 ಸೆಂಟಿಮೀಟರ್ ಗಾಳಿಯನ್ನು ಹತ್ತಿಕೊಳ್ಳುವ ಮಟ್ಟಕ್ಕೆ ತರಲು ಬೇಕಾದ್ದು ಸುಮಾರು 18 ಲೀಟರ್ ಅನಿಲ. ತೂಕದಲ್ಲಿ 40 ಗ್ರಾಂ. 5 ಕಿಲೋ ಸಿಲಿಂಡರ್‌ನಲ್ಲಿ ಅಂಥ ನೂರಿಪ್ಪತ್ತೈದು ಪಾಲು ಇರುತ್ತದೆ. ನಿಂತವರ ಮೂಗಿಗೆ ವಾಸನೆ ತಟ್ಟುವ ಮೊದಲೇ ನೆಲಮಟ್ಟದಲ್ಲಿರುವ ಫ್ರಿಜ್ಜಿನ ಕಂಪ್ರೆಸರ್ ಆ ಗ್ಯಾಸಿನ ನಡುವೆ ಚಾಲೂ ಆಗಬಹುದು. ಗ್ಯಾಸ್ ಅಲಾರಂ ಅನ್ನು ನೆಲದಿಂದ ಒಂದು ಗೇಣು ಎತ್ತರದಲ್ಲಿ ಕಟ್ಟಬೇಕಾದ್ದು ಅದಕ್ಕೇ. ಇದನ್ನೂ ಕಾರ್ಬನ್ ಮಾನಾಕ್ಸೈಡ್ ಅಲಾರಂ ಅನ್ನೂ ಅದಲು ಬದಲು ಜಾಗದಲ್ಲಿ ಕಟ್ಟಿಸಿಕೊಂಡವರು ಕಡಿಮೆಯಿಲ್ಲ.

ಸಿಲಿಂಡರ್ ಇಡುವ ಪೆಟ್ಟಿಗೆ ಹೊರಗಿನಿಂದಷ್ಟೇ ತೆರೆಯಬೇಕು, ಒಳಕೋಣೆಗೆ ಅದರಿಂದ ಒಂದು ಸಂದೂ ಇರಬಾರದು, ತಳದಲ್ಲಿ ಗ್ಯಾಸು ರಸ್ತೆಗೆ ಇಳಿದು ಹೋಗುವ ತೂತಿರಬೇಕು. ಆ ತೂತು ಸೈಲೆನ್ಸರ್ ಬದಿಗಿರಕೂಡದು. ಸಿಲಿಂಡರ್ ನೆಟ್ಟಗೆ ನಿಂತಿರಬೇಕು, ಬೆಲ್ಟಿನಿಂದ ಎರಡು ಕಡೆ ಬಿಗಿದಿರಬೇಕು. ಮಲಗಿಸಿದರೆ ಆವಿಯ ಬದಲು ದ್ರವವೇ ರೆಗ್ಯುಲೇಟರ್‌ಗೆ ನುಗ್ಗಿ ಒಲೆಯಲ್ಲಿ ಜ್ವಾಲೆ ಎದ್ದುಬಿಡುತ್ತದೆ. ಕೊಳವೆಯ ವಿಷಯದಲ್ಲಿ ಜಿಪುಣತನ ಬೇಡ: ಒಳಗೆ ತಂತಿ ಹೆಣೆದ ಕಿತ್ತಳೆ ಬಣ್ಣದ ಸುರಕ್ಷಾ ಪೈಪೇ ಇರಲಿ. ಮನೆಯಲ್ಲಿ ಐದು ವರ್ಷಕ್ಕೊಮ್ಮೆ ಬದಲಿಸುತ್ತೇವೆ, ಗಾಡಿಯಲ್ಲಿ ಅದಕ್ಕೂ ಮೊದಲೇ ಬದಲಿಸುವುದು ಲೇಸು. ಸಿಲಿಂಡರ್ ತೆಗೆದುಕೊಳ್ಳುವಾಗ ಕುತ್ತಿಗೆಯ ಪಟ್ಟಿಯ ಒಳಬದಿಯಲ್ಲಿ ಬರೆದ ಅಕ್ಷರ ಮತ್ತು ವರ್ಷ ನೋಡಿ. ಎ ಎಂದರೆ ಜನವರಿಯಿಂದ ಮಾರ್ಚ್, ಬಿ ಎಂದರೆ ಏಪ್ರಿಲ್‌ನಿಂದ ಜೂನ್, ಹೀಗೆ ಡಿವರೆಗೆ. ‘ಬಿ 27’ ಎಂದಿದ್ದರೆ 2027ರ ಜೂನ್ ದಾಟುವ ಮೊದಲು ಆ ಸಿಲಿಂಡರ್ ಮತ್ತೆ ಪರೀಕ್ಷೆಯಾಗಬೇಕು.

ಗಾಡಿ ಹೊರಡುವ ಮೊದಲು ವಾಲ್ವ್ ಬಂದ್, ಇದು ಇಗ್ನಿಷನ್ ಕೀಲಿ ತಿರುಗಿಸುವಷ್ಟೇ ಅಭ್ಯಾಸವಾಗಬೇಕು. ವಾಸನೆ ಬಂದರೆ ಯಾವ ಸ್ವಿಚ್ಚನ್ನೂ ಮುಟ್ಟಬಾರದು, ಹಾಕಲೂ ಬಾರದು, ಆರಿಸಲೂ ಬಾರದು. ಹೊರಗಿನಿಂದ ವಾಲ್ವ್ ಮುಚ್ಚಿ, ಎಲ್ಲ ಬಾಗಿಲು ತೆರೆದು, ದೂರ ಹೋಗಿ ಫೋನ್ ಮಾಡಿ. ನೆಲದ ಗ್ಯಾಸು ಕಿಟಕಿಯಿಂದ ಹೋಗುವುದಿಲ್ಲ, ಬಾಗಿಲಿನ ಮೆಟ್ಟಿಲಿಂದಲೇ ಹೊರಗೆ ಚೆಲ್ಲಬೇಕು.

ಒಂದು ಸಡಿಲ ನಟ್ಟು

ಗ್ಯಾಸಿನ ರಗಳೆಯೇ ಬೇಡವೆಂದು ಇಂಡಕ್ಷನ್ ಒಲೆ ಇಡುವವರೂ ಇದ್ದಾರೆ. ಒಳ್ಳೆಯದೇ. ಆದರೆ 2000 ವ್ಯಾಟಿನ ಒಲೆ 12 ವೋಲ್ಟಿನ ಬ್ಯಾಟರಿಯಿಂದ ಎಳೆಯುವ ಕರೆಂಟು, ಇನ್ವರ್ಟರ್‌ನ ನಷ್ಟವೂ ಸೇರಿ, 180 ಆಂಪಿಯರ್‌ ಆಸುಪಾಸು. ಮನೆಯ ವೈರಿಂಗ್‌ನಲ್ಲಿ ಯಾರೂ ಕಾಣದ ಅಂಕಿ ಅದು.

ಬ್ಯಾಟರಿಯ ಮೇಲಿರುವ ಒಂದು ಲಗ್ಗನ್ನು, ಅಂದರೆ ಕೇಬಲ್ ತುದಿಗೆ ಕೂರಿಸಿದ ಲೋಹದ ಬಳೆಯನ್ನು ನೋಡಿ. ನಟ್ಟು ಅರ್ಧ ಸುತ್ತು ಸಡಿಲವಾಗಿ, ಅಲ್ಲಿ ಒಂದು ಓಮ್‌ನ ಇನ್ನೂರನೇ ಒಂದು ಭಾಗದಷ್ಟು ತಡೆ ಹುಟ್ಟಿದೆ ಎಂದಿಟ್ಟುಕೊಳ್ಳಿ. ಮಾಮೂಲಿ ಮಲ್ಟಿಮೀಟರ್‌ಗೆ ಅದು ಕಾಣುವುದೂ ಇಲ್ಲ. 180 ಆಂಪಿಯರ್ ಹರಿದಾಗ ಆ ಒಂದು ಬಿಂದುವಿನಲ್ಲಿ 160 ವ್ಯಾಟ್ ಶಾಖ ಏಳುತ್ತದೆ. 25 ವ್ಯಾಟಿನ ಆರು ಸೋಲ್ಡರಿಂಗ್ ಕಡ್ಡಿಗಳನ್ನು ಒಂದೇ ನಟ್ಟಿಗೆ ಹಿಡಿದ ಹಾಗೆ. ಪಕ್ಕದಲ್ಲಿರುವುದು ಪ್ಲಾಸ್ಟಿಕ್, ಪ್ಲೈವುಡ್, ಫೋಮ್. ಫ್ಯೂಸ್ ಹಾರುವುದಿಲ್ಲ, ಏಕೆಂದರೆ ಕರೆಂಟು ಹೆಚ್ಚಾಗಿಲ್ಲ, ಹರಿಯಬೇಕಾದಷ್ಟೇ ಹರಿಯುತ್ತಿದೆ. ನಟ್ಟು ಸಡಿಲವಾಗಲು ಕಾರಣ ರಸ್ತೆಯ ಹಂಪುಗಳು.

ಇದಕ್ಕೆ ಮದ್ದು ಅಗ್ಗ. ಸರಿಯಾದ ಬಿಗಿತಕ್ಕೆ ತಿರುಪಿದ ಮೇಲೆ ನಟ್ಟು ಮತ್ತು ಲಗ್ಗಿನ ಮೇಲೆ ಅಡ್ಡಲಾಗಿ ಬಣ್ಣದ ಒಂದು ಗೆರೆ ಎಳೆಯಿರಿ. ಗೆರೆ ಮುರಿದು ಕಂಡರೆ ನಟ್ಟು ತಿರುಗಿದೆ ಎಂದರ್ಥ. ತಿಂಗಳಿಗೊಮ್ಮೆ ಟಾರ್ಚ್ ಬಿಟ್ಟು ನೋಡಿದರಾಯಿತು. ದಪ್ಪ ಕೇಬಲ್‌ಗೆ ಲಗ್ಗನ್ನು ಹೈಡ್ರಾಲಿಕ್ ಕ್ರಿಂಪರ್‌ನಿಂದ ಒತ್ತಿಸಬೇಕು. ಸುತ್ತಿಗೆಯಲ್ಲಿ ಬಡಿದ ಲಗ್ಗು ಇಲ್ಲಿಗೆ ಆಗದು. ಮುಖ್ಯ ಫ್ಯೂಸು ಬ್ಯಾಟರಿಯ ಪ್ಲಸ್ ತುದಿಯಿಂದ ಒಂದು ಗೇಣಿನೊಳಗೆ ಇರಬೇಕು, ಏಕೆಂದರೆ ಬ್ಯಾಟರಿಗೂ ಫ್ಯೂಸಿಗೂ ನಡುವಿನ ವೈರಿಗೆ ಯಾವ ಕಾವಲೂ ಇಲ್ಲ. ಗಾಡಿಯ ಡೈನಮೋದಿಂದ ಲಿಥಿಯಂ ಬ್ಯಾಟರಿಯನ್ನು ನೇರವಾಗಿ ಚಾರ್ಜ್ ಮಾಡಬಾರದು. ಖಾಲಿ ಲಿಥಿಯಂ ಬ್ಯಾಟರಿ ಕೊಟ್ಟಷ್ಟೂ ಎಳೆಯುತ್ತದೆ, ಡೈನಮೋ ಕಾದು ಸುಟ್ಟುಹೋಗುತ್ತದೆ. ನಡುವೆ ಕರೆಂಟನ್ನು ಹತೋಟಿಯಲ್ಲಿಡುವ ಡಿಸಿ-ಡಿಸಿ ಚಾರ್ಜರ್ ಇರಲಿ. ತೋಟದ ಮನೆಯಲ್ಲೋ ರೆಸಾರ್ಟಿನಲ್ಲೋ ಹೊರಗಿನ ಕರೆಂಟು ಪಡೆಯುವಾಗ ಗಾಡಿಯೊಳಗೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ, ಅಂದರೆ ಕರೆಂಟು ಸೋರಿದರೆ ತಾನಾಗಿ ಆರುವ ಸ್ವಿಚ್ಚು ಇರಲೇಬೇಕು. ಎಕ್ಸ್‌ಟೆನ್ಷನ್ ವೈರನ್ನು ಸುರುಳಿಯಲ್ಲೇ ಬಿಡದೆ ಪೂರ್ತಿ ಬಿಚ್ಚಿ ಹಾಕಿ; ಸುತ್ತಿದ ವೈರು ತನ್ನ ಶಾಖದಲ್ಲೇ ಬೇಯುತ್ತದೆ.

ಬೆಂಕಿಯೇ ಹತ್ತಿದರೆ? ಮಲಗಿದಲ್ಲಿಂದ ಎರಡು ದಾರಿ ಬೇಕು: ಒಂದು ಬಾಗಿಲು, ಇನ್ನೊಂದು ಒಳಗಿನಿಂದ ತೆರೆಯುವ ಹಿಂಬಾಗಿಲು ಅಥವಾ ಸುತ್ತಿಗೆ ಕಟ್ಟಿದ ಗಾಜು. ಹಿಂಬಾಗಿಲಿಗೆ ಅಡ್ಡವಾಗಿ ಸೈಕಲ್ ಸ್ಟ್ಯಾಂಡ್ ಕಟ್ಟಿದವರಿಗೆ ಎರಡನೇ ದಾರಿ ಇಲ್ಲ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಹಾಸಿಗೆಯಿಂದ ಹೊರಗೆ ಬಂದು ನೋಡಿ, ಗೊತ್ತಾಗುತ್ತದೆ. 2 ಕಿಲೋದ ಎಬಿಸಿ ಪುಡಿಯ ಅಗ್ನಿಶಾಮಕ ಬರುವುದು ಸುಮಾರು ಹತ್ತು ಸೆಕೆಂಡು ಮಾತ್ರ. ಅದು ಶುರುವಿನ ಬೆಂಕಿಗೆ, ಇಲ್ಲವೇ ದಾರಿ ಬಿಡಿಸಿಕೊಳ್ಳಲಿಕ್ಕೆ. ಒಂದು ಚಾಲಕನ ಕೈಗೆ ಸಿಗುವಂತೆ, ಇನ್ನೊಂದು ಬಾಗಿಲ ಪಕ್ಕ. ಗಾಡಿಯ ಕುಲುಕಿಗೆ ಪುಡಿ ತಳದಲ್ಲಿ ಗಟ್ಟಿಯಾಗುತ್ತದೆ, ಒತ್ತಡದ ಮುಳ್ಳು ಹಸಿರಲ್ಲೇ ಇದ್ದರೂ ಪುಡಿ ಹೊರಬರುವುದಿಲ್ಲ. ತಿಂಗಳಿಗೊಮ್ಮೆ ತಲೆಕೆಳಗೆ ಹಿಡಿದು ಕುಲುಕಿ. ಎಂಜಿನ್‌ನಿಂದ ಹೊಗೆ ಬಂದರೆ ಬಾನೆಟ್ ಪೂರ್ತಿ ಎತ್ತಬೇಡಿ, ಗಾಳಿ ಸಿಕ್ಕಿ ಭಗ್ ಎನ್ನುತ್ತದೆ. ಎರಡು ಬೆರಳು ಸಂದು ಮಾಡಿ ಪುಡಿ ಹೊಡೆಯಿರಿ. ಬೆಂಕಿ ಒಳಕೋಣೆಗೆ ಹಬ್ಬಿದರೆ ಗಾಡಿಯ ಆಸೆ ಬಿಟ್ಟು ನೂರು ಮೀಟರ್ ದೂರ ಹೋಗುವುದು, ಅಷ್ಟೇ. ಒಳಗೆ ಸಿಲಿಂಡರ್ ಇದೆ.

ಘಾಟಿ ಇಳಿಯುವಾಗ

ಕ್ಯಾರವಾನ್ ಸದಾ ತುಂಬಿದ ಗಾಡಿ. ಟೆಂಪೋ ಮಧ್ಯಾಹ್ನಕ್ಕೆ ಸರಕು ಇಳಿಸಿ ಹಗುರಾಗುತ್ತದೆ. ಇದರ ಮಂಚ, ಕಪಾಟು, ಬ್ಯಾಟರಿ, ನೀರು ಎಂದೂ ಇಳಿಯುವುದಿಲ್ಲ. ಪ್ರಯಾಣಕ್ಕೆ ಹೊರಟ ಸ್ಥಿತಿಯಲ್ಲೇ, ಜನರೂ ಕೂತಿರುವಂತೆ, ವೇ ಬ್ರಿಡ್ಜ್ ಮೇಲೆ ಮೂರು ಸಲ ತೂಗಿಸಿ: ಪೂರ್ತಿ ಗಾಡಿ, ಮುಂದಿನ ಆಕ್ಸಲ್ ಮಾತ್ರ, ಹಿಂದಿನದು ಮಾತ್ರ. ಒಟ್ಟು ತೂಕ ಆರ್‌ಸಿಯ ಮಿತಿಯೊಳಗಿದ್ದೂ ಹಿಂದಿನ ಆಕ್ಸಲ್ ಮಿತಿ ಮೀರಿರುವುದು ಸಾಮಾನ್ಯ. ಎರಡೂ ಆಕ್ಸಲ್‌ಗಳ ನಡುವೆ 3.7 ಮೀಟರ್ ಇರುವ ಗಾಡಿಯಲ್ಲಿ, ಹಿಂದಿನ ಆಕ್ಸಲ್‌ನಿಂದ 1.5 ಮೀಟರ್ ಹಿಂದಕ್ಕೆ 100 ಕಿಲೋ ಸ್ಕೂಟರ್ ನೇತುಹಾಕಿದರೆ, ಹಿಂದಿನ ಚಕ್ರಗಳ ಮೇಲೆ ಬೀಳುವುದು 100 ಅಲ್ಲ, 140 ಕಿಲೋ. ಮುಂದಿನ ಚಕ್ರಗಳಿಂದ 40 ಕಿಲೋ ಎತ್ತಿಹೋಗುತ್ತದೆ. ತಕ್ಕಡಿಯ ನ್ಯಾಯವೇ. ಸ್ಟೇರಿಂಗ್ ಹಗುರವಾದಂತೆ ಅನ್ನಿಸಿದರೆ ಖುಷಿಪಡಬೇಡಿ. ಚಿತ್ರದುರ್ಗದ ಗಾಳಿಯಂತ್ರಗಳ ಸಾಲಿನ ಬಳಿ ಅಡ್ಡಗಾಳಿ ಬೀಸುವಾಗ ಇಷ್ಟು ಎತ್ತರದ ಗಾಡಿಯ ಮೂತಿ ಪಕ್ಕದ ಲೇನಿಗೆ ಎಳೆಯುತ್ತದೆ. ನೀರಿನ ಟ್ಯಾಂಕ್ ಒಂದೋ ತುಂಬಿರಲಿ, ಇಲ್ಲ ಖಾಲಿ ಇರಲಿ. ಅರ್ಧ ತುಂಬಿದ ನೀರು ತಿರುವಿನಲ್ಲಿ ಒಂದೇ ಕಡೆ ಸೇರಿ ಗಾಡಿಯನ್ನು ವಾಲಿಸುತ್ತದೆ.

ಈಗ ಬ್ರೇಕ್. ನಾಲ್ಕು ಟನ್ನಿನ ಗಾಡಿ 500 ಮೀಟರ್ ಎತ್ತರದ ಘಟ್ಟ ಇಳಿಯಿತು ಎನ್ನಿ. ಆ ಇಳಿತದಲ್ಲಿ ಬಿಡುಗಡೆಯಾಗುವ ಶಕ್ತಿಯಿಂದ 60 ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರಬಹುದು. ಎಂಜಿನ್ ತಡೆಯದಿದ್ದರೆ ಅಷ್ಟೂ ಬಿಸಿ ನಾಲ್ಕು ಚಕ್ರಗಳ ಡಿಸ್ಕು, ಡ್ರಮ್ಮುಗಳಿಗೇ ಹೋಗಬೇಕು. ಆಗುಂಬೆಯ ಹದಿನಾಲ್ಕು ಹೇರ್‌ಪಿನ್ ತಿರುವುಗಳನ್ನು ಮೂರನೇ ಗೇರಿನಲ್ಲಿ ಬ್ರೇಕ್ ತುಳಿಯುತ್ತಾ ಇಳಿದರೆ ಸೋಮೇಶ್ವರ ಮುಟ್ಟುವ ಹೊತ್ತಿಗೆ ಸುಟ್ಟ ವಾಸನೆ ಬಂದಿರುತ್ತದೆ.

ಬ್ರೇಕ್ ಎರಡು ಬಗೆಯಲ್ಲಿ ಸೋಲುತ್ತದೆ, ಕಾಲಿಗೆ ಎರಡೂ ಬೇರೆ ಬೇರೆಯಾಗಿ ತಿಳಿಯುತ್ತವೆ. ಪೆಡಲ್ ಗಟ್ಟಿಯಾಗಿಯೇ ಇದೆ, ಎಷ್ಟು ತುಳಿದರೂ ಗಾಡಿ ನಿಲ್ಲುತ್ತಿಲ್ಲ ಎಂದರೆ ಪ್ಯಾಡ್, ಲೈನರ್ ಕಾದು ಹಿಡಿತ ಕಳೆದುಕೊಂಡಿವೆ. ತಣ್ಣಗಾದರೆ ಹಿಡಿತ ಮರಳುತ್ತದೆ. ಪೆಡಲ್ ಮೆತ್ತಗಾಗಿ ನೆಲ ಮುಟ್ಟುತ್ತಿದೆ ಎಂದರೆ ಬ್ರೇಕ್ ಆಯಿಲ್ ಕುದಿದು ಆವಿಯಾಗಿದೆ. ಆವಿಯನ್ನು ಒತ್ತಿದರೆ ಅದು ಕುಗ್ಗುತ್ತದೆಯೇ ವಿನಾ ಚಕ್ರ ಹಿಡಿಯುವುದಿಲ್ಲ. ಹೊಸ ಡಾಟ್-4 ಆಯಿಲ್ ಕನಿಷ್ಠ 230 ಡಿಗ್ರಿ ತಡೆಯಬೇಕು. ಆದರೆ ಅದು ಗಾಳಿಯ ತೇವ ಹೀರುತ್ತದೆ, ತೇವ ಹೀರಿದ ಮೇಲೆ ಮಾನದಂಡ ಕೇಳುವುದು 155 ಡಿಗ್ರಿಯಷ್ಟೇ. ಮಲೆನಾಡಿನ ಎರಡು ಮಳೆಗಾಲ ಕಂಡ ಬ್ರೇಕ್ ಆಯಿಲ್ ಬದಲಿಸಬೇಕು. ಗಾಡಿ ಎಷ್ಟು ಕಡಿಮೆ ಓಡಿದ್ದರೂ.

ಇಳಿಯುವ ಕ್ರಮ ಹಳೆಯ ಲಾರಿ ಚಾಲಕರದೇ: ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ, ಮತ್ತು ಇಳಿಜಾರು ಶುರುವಾಗುವ ಮೊದಲೇ ಆ ಗೇರಿಗೆ ಬನ್ನಿ. ಬ್ರೇಕನ್ನು ಮೆತ್ತಗೆ ಒತ್ತಿಹಿಡಿದು ಕೂರಬೇಡಿ. ಒಮ್ಮೆ ಗಟ್ಟಿಯಾಗಿ ಒತ್ತಿ, ವೇಗ ಇಳಿಸಿ, ಪೂರ್ತಿ ಬಿಡಿ. ಬಿಟ್ಟಾಗಲೇ ಡ್ರಮ್ಮಿಗೆ ಗಾಳಿ. ಡೀಸೆಲ್ ಉಳಿಸಲೆಂದು ನ್ಯೂಟ್ರಲ್‌ಗೆ ಹಾಕಿದರೆ ಎಂಜಿನ್ ತಡೆ ಹೋಗುತ್ತದೆ. ಎಂಜಿನ್ನನ್ನೇ ಆರಿಸಿದರೆ ಬ್ರೇಕ್ ತುಳಿತಕ್ಕೆ ಬಲ ಕೊಡುವ ವ್ಯಾಕ್ಯೂಮ್ ಎರಡು ಮೂರು ಸಲಕ್ಕೆ ಮುಗಿದು ಪೆಡಲ್ ಕಲ್ಲಾಗುತ್ತದೆ. ವಾಸನೆ ಬಂದರೆ ಅಗಲವಾದ ಜಾಗ ನೋಡಿ ನಿಲ್ಲಿಸಿ, ಗೇರಿನಲ್ಲಿಟ್ಟು, ಚಕ್ರಗಳಿಗೆ ಮರದ ತುಂಡು ಕೊಡಿ. ಕಾದ ಡ್ರಮ್ಮಿಗೆ ಹ್ಯಾಂಡ್‌ಬ್ರೇಕ್ ಎಳೆಯಬೇಡಿ, ತಣ್ಣೀರು ಹಾಕಬೇಡಿ, ಬಿರುಕು ಬಿಡುತ್ತದೆ. ಮುಂಗೈಯನ್ನು ಪ್ರತಿ ಚಕ್ರದ ಹತ್ತಿರ ಹಿಡಿದು ನೋಡಿ, ಮುಟ್ಟಬೇಡಿ. ಒಂದೇ ಚಕ್ರ ಹೆಚ್ಚು ಬಿಸಿಯಾಗಿದ್ದರೆ ಅದರ ಬ್ರೇಕ್ ಅಂಟಿಕೊಂಡಿದೆ.

ಪೂರ್ತಿ ಬ್ರೇಕ್ ಹೋಯಿತೆಂದರೆ: ಪೆಡಲನ್ನು ಬೇಗ ಬೇಗ ತುಳಿಯುತ್ತಲೇ ಇರಿ, ಒಂದೊಂದೇ ಗೇರು ಇಳಿಸಿ, ಹ್ಯಾಂಡ್‌ಬ್ರೇಕನ್ನು ಗುಂಡಿ ಒತ್ತಿಹಿಡಿದೇ ಸ್ವಲ್ಪ ಸ್ವಲ್ಪ ಎಳೆಯಿರಿ, ಹಾರ್ನ್ ಒತ್ತುತ್ತಲೇ ಇರಿ. ಕೊನೆಗೆ ಕಣಿವೆಯ ಬದಿ ಬಿಟ್ಟು ಗುಡ್ಡದ ಬದಿಯ ಚರಂಡಿಗೆ ಚಕ್ರ ಇಳಿಸಿ, ಗುಡ್ಡದ ಮಣ್ಣಿನ ಗೋಡೆಗೆ ಉಜ್ಜಿ ನಿಲ್ಲಿಸುವುದು. ಗಾಡಿಯ ಒಂದು ಮಗ್ಗುಲು ಹೋಗುತ್ತದೆ, ಹೋಗಲಿ.

ಟೈರಿನ ಬಗ್ಗೆ ಎರಡು ಮಾತು. ಕ್ಯಾರವಾನ್ ಓಡುವುದಕ್ಕಿಂತ ನಿಲ್ಲುವುದು ಹೆಚ್ಚು, ಗೀರು ಸವೆಯುವ ಮೊದಲೇ ರಬ್ಬರ್ ಮುಪ್ಪಾಗುತ್ತದೆ. ಪಕ್ಕೆಯ ಮೇಲಿನ ನಾಲ್ಕಂಕಿ ನೋಡಿ: 2321 ಎಂದರೆ 2021ರ 23ನೇ ವಾರ ತಯಾರಾದದ್ದು. ಹಿಂದೆ ಜೋಡಿ ಚಕ್ರವಿದ್ದರೆ ಒಳಗಿನದು ಪಂಕ್ಚರ್ ಆದದ್ದು ಕಣ್ಣಿಗೆ ಬೀಳುವುದಿಲ್ಲ, ಹೊರಗಿನದು ಎರಡರ ಭಾರ ಹೊತ್ತು ಕಾದು ಸಿಡಿಯುತ್ತದೆ. ಟೀ ಕುಡಿಯಲು ನಿಂತಾಗ ಲಾರಿಯವರು ರಾಡಿನಿಂದ ಎಲ್ಲ ಟೈರಿಗೂ ತಟ್ಟುವುದು ಇದಕ್ಕೇ. ಗಾಳಿಯಿರುವುದು ಟಣ್ ಎನ್ನುತ್ತದೆ, ಇಲ್ಲದ್ದು ಧಪ್ ಎನ್ನುತ್ತದೆ. ಓಡುವಾಗ ಸಿಡಿದರೆ ಬ್ರೇಕ್ ಮುಟ್ಟದೆ, ಸ್ಟೇರಿಂಗ್ ಬಿಗಿಯಾಗಿ ನೇರ ಹಿಡಿದು, ಆಕ್ಸಿಲರೇಟರ್ ನಿಧಾನ ಬಿಟ್ಟು, ಗಾಡಿ ತಾನಾಗಿ ನಿಧಾನವಾದ ಮೇಲೆ ಎಡಕ್ಕೆ ತನ್ನಿ.

ಕೆಟ್ಟು ನಿಂತಾಗ

ಕ್ರಮ ಇದು: ಜನ, ಎಚ್ಚರಿಕೆಯ ಗುರುತು, ಫೋನು, ಆಮೇಲೆ ಗಾಡಿ. ಬಹುತೇಕರು ತಿರುವುಮುರುವು ಮಾಡುತ್ತಾರೆ, ಬಾನೆಟ್ ಎತ್ತಿ ಇಣುಕುವುದೇ ಮೊದಲ ಕೆಲಸವಾಗುತ್ತದೆ. ಹೆದ್ದಾರಿ ಅಂಚಿನಲ್ಲಿ ಕೊಲ್ಲುವುದು ಕೆಟ್ಟ ಎಂಜಿನ್ನಲ್ಲ, ಹಿಂದಿನಿಂದ ಬರುವ ಲಾರಿ.

ಗಾಡಿ ಪೂರ್ತಿ ನಿಲ್ಲುವ ಮೊದಲು, ಉರುಳುತ್ತಿರುವ ವೇಗದಲ್ಲೇ ಆದಷ್ಟು ಎಡಕ್ಕೆ ತನ್ನಿ. ತಿರುವಿನಲ್ಲಿ ನಿಲ್ಲಿಸಬೇಡಿ, ಟೈರ್ ಚಿಂದಿಯಾದರೂ ಸರಿ, ತಿರುವು ದಾಟಿಸಿ. ನಾಲ್ಕೂ ಇಂಡಿಕೇಟರ್ ಹಾಕಿ, ಮುಂಚಕ್ರ ಎಡಕ್ಕೆ ತಿರುಗಿಸಿಡಿ. ಎಡ ಬಾಗಿಲಿಂದ ಎಲ್ಲರನ್ನೂ ಇಳಿಸಿ ತಡೆಗಂಬಿಯ ಆಚೆ, ಗಾಡಿಗಿಂತ ಹಿಂದಕ್ಕೆ, ಅಂದರೆ ವಾಹನಗಳು ಬರುವ ದಿಕ್ಕಿಗೆ ಕಳಿಸಿ. ಗಾಡಿಯ ಮುಂದೆ ನಿಂತರೆ, ಯಾರಾದರೂ ಹಿಂದಿನಿಂದ ಗುದ್ದಿದಾಗ ಗಾಡಿ ಅವರ ಮೇಲೇ ಬರುತ್ತದೆ. ‘ಮಗು ಮಲಗಿದೆ, ಒಳಗೇ ಇರಲಿ’ ಎನ್ನುವುದು ಕ್ಯಾರವಾನ್‌ನವರ ದೊಡ್ಡ ಪ್ರಲೋಭನೆ. ಎಬ್ಬಿಸಿ, ಹೊತ್ತು ತನ್ನಿ.

ಕೆಂಪು ತ್ರಿಕೋನ ಎಷ್ಟು ದೂರ? ಗಂಟೆಗೆ 80 ಕಿಲೋಮೀಟರ್ ವೇಗದ ವಾಹನ ಸೆಕೆಂಡಿಗೆ 22 ಮೀಟರ್ ಓಡುತ್ತದೆ. ಚಾಲಕ ಕಂಡು ಕಾಲಿಡುವಷ್ಟರಲ್ಲಿ 40 ಮೀಟರ್, ಬ್ರೇಕ್ ಹಿಡಿದು ನಿಲ್ಲಲು ಇನ್ನೊಂದು 50. ಹಾಗಾಗಿ ಹೆದ್ದಾರಿಯಲ್ಲಿ 100 ಮೀಟರ್‌ಗಿಂತ ಹತ್ತಿರ ಇಟ್ಟರೆ ಉಪಯೋಗವಿಲ್ಲ. ದೊಡ್ಡವರ ಹೆಜ್ಜೆಯಲ್ಲಿ 130. ಮುಂದೆ ತಿರುವಿದ್ದರೆ ಅಳತೆ ಮರೆತು ತಿರುವಿಗಿಂತ ಮೊದಲೇ ಇಡಿ. ಇಡಲು ಹೋಗುವಾಗ ಹೊಳೆಯುವ ಜಾಕೆಟ್ ತೊಟ್ಟು, ತ್ರಿಕೋನವನ್ನು ಎದೆಗೆ ಅಡ್ಡ ಹಿಡಿದು, ತಡೆಗಂಬಿಯ ಆಚೆಯಿಂದ ನಡೆಯಿರಿ. ತ್ರಿಕೋನ ಇಲ್ಲದವರು ಮರದ ರೆಂಬೆ ಮುರಿದು ಹಾಕುವ ವಾಡಿಕೆ ಹಗಲಿನಲ್ಲಿ ನಡೆಯುತ್ತದೆ, ರಾತ್ರಿ ಹಸಿರೆಲೆ ಯಾರಿಗೂ ಕಾಣುವುದಿಲ್ಲ.

ಇಳಿಯಬೇಕೆಂಬ ನಿಯಮಕ್ಕೆ ಒಂದು ಅಪವಾದ ಕಾಡು. ಬಂಡೀಪುರದಂಥ ಹುಲಿ ಮೀಸಲು ಪ್ರದೇಶದಲ್ಲಿ ಕೆಟ್ಟರೆ ಗಾಡಿಯೊಳಗೇ ಕೂತು, ದಾಟುವ ವಾಹನಗಳ ಮೂಲಕ ಮುಂದಿನ ಅರಣ್ಯ ಚೆಕ್‌ಪೋಸ್ಟಿಗೆ ಸುದ್ದಿ ಮುಟ್ಟಿಸಬೇಕು. ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಅಲ್ಲಿ ಸಂಚಾರ ನಿಷೇಧವಿದೆ. ಸಂಜೆ ಎಂಟೂವರೆಗೆ ಗೇಟ್ ಹಾಯುವ ಆತುರ ಬೇಡ. ಬೇಸಿಗೆಯಲ್ಲಿ ಒಣಹುಲ್ಲಿನ ಮೇಲೆ ಯಾವ ಗಾಡಿಯನ್ನೂ ನಿಲ್ಲಿಸಬಾರದು. ಬಿಎಸ್-6 ಡೀಸೆಲ್ ಗಾಡಿ ಹೊಗೆಯ ಮಸಿಯನ್ನು ಸುಟ್ಟು ಫಿಲ್ಟರ್ ಶುಚಿ ಮಾಡಿಕೊಳ್ಳುವಾಗ ಒಳಗಿನ ಬಿಸಿ 600 ಡಿಗ್ರಿ ಮುಟ್ಟುತ್ತದೆ.

ಫೋನಿನಲ್ಲಿ ‘ಗುಂಡ್ಯದ ಹತ್ತಿರ ಎಲ್ಲೋ’ ಎಂದರೆ ಯಾರಿಗೂ ಸಿಗುವುದಿಲ್ಲ. ಕಿಲೋಮೀಟರ್ ಕಲ್ಲು ನೋಡಿ: ತಲೆ ಹಳದಿ ಇದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರಿದ್ದರೆ ರಾಜ್ಯ ಹೆದ್ದಾರಿ. ಎರಡು ಕಲ್ಲುಗಳ ನಡುವೆ 200 ಮೀಟರ್‌ಗೊಂದು ಚಿಕ್ಕ ಕಲ್ಲಿನ ಮೇಲೆ 2, 4, 6, 8 ಎಂದಿರುತ್ತದೆ. ಹೆದ್ದಾರಿ ಸಂಖ್ಯೆ, ಕಲ್ಲಿನ ಸಂಖ್ಯೆ, ಯಾವ ಊರಿನ ಕಡೆಗೆ ಹೋಗುವ ಬದಿ, ಈ ಮೂರು ಹೇಳಿದರೆ ಸಾಕು. ರಾಷ್ಟ್ರೀಯ ಹೆದ್ದಾರಿಗೆ 1033. ಪೊಲೀಸ್, ಅಗ್ನಿಶಾಮಕ, ಯಾವುದಕ್ಕೂ 112. ಶಿರಾಡಿ, ಚಾರ್ಮಾಡಿಯಂಥ ಕಡೆ ನಿಮ್ಮ ಕಂಪನಿಯ ಸಿಗ್ನಲ್ ಇಲ್ಲದಿದ್ದರೂ ಬೇರೆ ಕಂಪನಿಯ ಟವರ್ ಸಿಕ್ಕರೆ 112ರ ಕರೆ ಹೋಗುತ್ತದೆ, ಒಮ್ಮೆ ಪ್ರಯತ್ನಿಸಿ.

ಈಗ ಬಾನೆಟ್. ಟೆಂಪರೇಚರ್ ಮುಳ್ಳು ಏರುವುದೂ ಬ್ಯಾಟರಿಯ ಕೆಂಪು ದೀಪ ಹತ್ತುವುದೂ ಒಟ್ಟಿಗೇ ಆದರೆ ಬೆಲ್ಟ್ ತುಂಡಾಗಿದೆ ಎಂದೇ ತಿಳಿಯಿರಿ. ಬಹಳಷ್ಟು ಡೀಸೆಲ್ ಗಾಡಿಗಳಲ್ಲಿ ವಾಟರ್ ಪಂಪು, ಡೈನಮೋ ಎರಡನ್ನೂ ತಿರುಗಿಸುವುದು ಒಂದೇ ಬೆಲ್ಟು. ಆಗ ಇನ್ನೊಂದು ಕಿಲೋಮೀಟರ್ ಓಡಿಸಿದರೂ ಹೆಡ್ಡು ಹೋಗುತ್ತದೆ. ಮುಳ್ಳು ಮಾತ್ರ ಏರುತ್ತಿದ್ದರೆ ಎ.ಸಿ. ಆರಿಸಿ, ಹೀಟರ್ ಪೂರ್ತಿ ಹಾಕಿ; ಅದೂ ಒಂದು ಪುಟ್ಟ ರೇಡಿಯೇಟರ್. ಹಬೆ ಎದ್ದರೆ ಎಂಜಿನ್ ಆರಿಸಿ, ಮುಕ್ಕಾಲು ಗಂಟೆ ರೇಡಿಯೇಟರ್ ಮುಚ್ಚಳ ಮುಟ್ಟಬೇಡಿ. ಒತ್ತಡದಲ್ಲಿರುವ ನೀರು ನೂರು ಡಿಗ್ರಿ ಮೀರಿಯೂ ಕುದಿಯದೆ ಕೂತಿರುತ್ತದೆ, ಮುಚ್ಚಳ ತೆಗೆದ ಕೂಡಲೇ ಒಟ್ಟಿಗೆ ಕುದಿದು ಮುಖಕ್ಕೆ ಹಾರುತ್ತದೆ.

ಚಕ್ರ ಬದಲಿಸುವುದಿದ್ದರೆ ಕಾರಿನ ಜಾಕ್ ಸಾಲದು, 5 ಟನ್ನಿನ ಬಾಟಲ್ ಜಾಕ್ ಬೇಕು. ಅದರ ಕೆಳಗೆ ಒಂದಡಿ ಚದರದ, ಎರಡಿಂಚು ದಪ್ಪದ ಹಲಗೆ ಇಡಿ. ಮಳೆಗಾಲದ ಮಣ್ಣಂಚಿನಲ್ಲಿ ಹಲಗೆ ಇಲ್ಲದೆ ಎತ್ತಿದರೆ ಗಾಡಿ ಮೇಲೇಳುವ ಬದಲು ಜಾಕ್ ಕೆಳಗಿಳಿಯುತ್ತದೆ. ಮೊದಲು ಹ್ಯಾಂಡ್‌ಬ್ರೇಕ್ ಮತ್ತು ಗೇರು, ಕರ್ಣರೇಖೆಯಲ್ಲಿ ಎದುರಿಗಿರುವ ಚಕ್ರಕ್ಕೆ ಎರಡೂ ಕಡೆ ಮರದ ತುಂಡು, ನಟ್ಟುಗಳನ್ನು ನೆಲದ ಮೇಲಿದ್ದಾಗಲೇ ಅರ್ಧ ಸುತ್ತು ಸಡಿಲ, ಆಮೇಲೆ ಎತ್ತುವುದು. ಸ್ಟೆಪ್ನಿಯನ್ನು ಗಾಡಿಯಡಿ ಮಲಗಿಸಿಟ್ಟರೆ ಜಾಕ್ ಜಾರಿದರೂ ಗಾಡಿ ಅದರ ಮೇಲೆ ಕೂರುತ್ತದೆ. ಇಳಿಜಾರಿನಲ್ಲಿ ಎತ್ತಲೇಬೇಡಿ, ರಿಮ್ ಹಾಳಾದರೂ ಸಮತಟ್ಟಿಗೆ ತನ್ನಿ.

ಎಳೆಸಿಕೊಂಡು ಹೋಗುವ ಪ್ರಸಂಗ ಬಂದರೆ ಫೋನಿನಲ್ಲೇ ಗಾಡಿಯ ತೂಕ, ಎತ್ತರ ಹೇಳಿ. ಕಾರಿಗೆಂದು ಬಂದ ರಿಕವರಿ ವಾಹನ ಮೂರು ಮೀಟರ್ ಎತ್ತರದ ನಾಲ್ಕು ಟನ್ ಹೊರಲಾರದೆ ವಾಪಸ್ ಹೋಗುತ್ತದೆ. ಹಿಂಚಕ್ರ ಓಡಿಸುವ ಗಾಡಿಯನ್ನು ಮೂತಿ ಎತ್ತಿ ಎಳೆಯುವುದಾದರೆ ಗೇರ್‌ಬಾಕ್ಸಿನಿಂದ ಹಿಂಚಕ್ರಕ್ಕೆ ಹೋಗುವ ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಿಸಿ. ಎಂಜಿನ್ ನಿಂತಾಗ ಗೇರ್‌ಬಾಕ್ಸಿನೊಳಗೆ ಎಣ್ಣೆ ಸರಿಯಾಗಿ ಓಡಾಡುವುದಿಲ್ಲ, ತಿರುಗುವ ಶಾಫ್ಟ್ ಒಣಗಿ ಸವೆಯುತ್ತದೆ. ಘಾಟಿಯಲ್ಲಿ ಹಗ್ಗ ಕಟ್ಟಿ ಎಳೆಸುವುದಕ್ಕೆ ಒಪ್ಪಬೇಡಿ.

ರಾತ್ರಿಯಾಗಿ ಅಲ್ಲೇ ಮಲಗಬೇಕಾದರೆ ಎಲ್ಲಿ? ಮಳೆಗಾಲದಲ್ಲಿ ಕಡಿದ ಗುಡ್ಡದ ಬುಡದಲ್ಲಂತೂ ಅಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿ 66ರ ಪಕ್ಕದ ಗುಡ್ಡ ಕುಸಿದಾಗ, ಚಹಾ ಅಂಗಡಿಯ ಬಳಿ ನಿಂತಿದ್ದ ವಾಹನಗಳು ಮಣ್ಣಿನ ಜೊತೆ ಗಂಗಾವಳಿ ನದಿಗೆ ಹೋದವು. ಹೊಳೆಯ ಪಾತ್ರ, ತೆಂಗಿನ ಮರದ ಅಡಿ, ಹೈಟೆನ್ಷನ್ ತಂತಿಯ ಕೆಳಗೆ ಕೂಡ ಬೇಡ. ಪೆಟ್ರೋಲ್ ಬಂಕಿನವರನ್ನು ಕೇಳಿ ಅವರ ಅಂಗಳದ ಅಂಚಿನಲ್ಲಿ, ಒಲೆ ಹಚ್ಚದೆ ಮಲಗುವುದು ಎಷ್ಟೋ ವಾಸಿ.

ಗಾಡಿ ಸರಿಹೋಗಿ ಹೊರಡುವಾಗ ತ್ರಿಕೋನದ ಜೊತೆ ಚಕ್ರಕ್ಕೆ ಕೊಟ್ಟ ಕಲ್ಲು, ರಸ್ತೆಗೆ ಹಾಕಿದ ರೆಂಬೆ ಎಲ್ಲವನ್ನೂ ಎತ್ತಿ ಬದಿಗೆಸೆಯಿರಿ. ಬಿಟ್ಟುಹೋದ ಕಲ್ಲಿಗೆ ರಾತ್ರಿ ಬೈಕಿನವರು ಬೀಳುತ್ತಾರೆ. ಬದಲಿಸಿದ ಚಕ್ರದ ನಟ್ಟುಗಳು ಮೊದಲ ಐವತ್ತು, ನೂರು ಕಿಲೋಮೀಟರಿನಲ್ಲಿ ಕೂತು ಸಡಿಲವಾಗುತ್ತವೆ. ಮುಂದಿನ ಟೀ ಅಂಗಡಿಯಲ್ಲಿ ಸ್ಪ್ಯಾನರ್ ಹಿಡಿದು, ಎದುರುಬದುರಾಗಿ ಒಂದಾದ ಮೇಲೊಂದು, ಇನ್ನೊಮ್ಮೆ ಬಿಗಿ ಮಾಡಿ.